ಟೀ ಮೇಜಿನ ಎಡಗಡೆಯ ಕುರ್ಚಿ

ತಬಿತಾ ಕತ್ತರಿಸುವಾಗ ಕತ್ತರಿ ಅಲ್ಲಾಡುತ್ತಿರಲಿಲ್ಲ. ಎಡಗೈಯಲ್ಲಿದ್ದ ಕಾಗದ ತಿರುಗುತ್ತಿತ್ತು. ಮೂಗು, ಕಿವಿ, ಟೋಪಿಯ ಗರಿ, ಬೆರಳ ಸಂದು, ಎಲ್ಲವೂ ಹಾಗೆಯೇ ಬಿಡಿಸಿಕೊಂಡು ಬರುತ್ತಿದ್ದವು. ಆಮೇಲೆ ಕಾಗದದ ಅಂಚನ್ನು ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡಿ, ಬಿಳಿ ಕಾಣದ ಹಾಗೆ ಕುಂಚದ ತುದಿಯಿಂದ ಕಂದು ಬಣ್ಣ ಮುಟ್ಟಿಸುತ್ತಿದ್ದಳು. ಅಂಟಿಸಿದ ಮೇಲೆ ಬೆರಳಾಡಿಸಿದರೂ ಅಂಚು ಸಿಗುತ್ತಿರಲಿಲ್ಲ. ನಮ್ಮ ಆಲ್ಡರ್‌ಶಮ್ ಊರಿನಲ್ಲಿ ಅವಳಿಗಿಂತ ಮುಂಚೆ ಯಾರಿಗೂ ಇದು ಬರುತ್ತಿರಲಿಲ್ಲ. ಅವಳಾದ ಮೇಲೂ ಯಾರಿಗೂ ಬಂದಿಲ್ಲ.

ಅವಳು ನಮ್ಮ ಅಂಗಡಿಗೆ ಬಂದಾಗ ಹದಿನಾಲ್ಕು ವರ್ಷ. ಆಗ ತಬಿತಾ ರೂಕ್. ಅಪ್ಪ ಕಾಲುವೆಯಲ್ಲಿ ಕಲ್ಲಿದ್ದಲಿನ ದೋಣಿ ನಡೆಸುವವನು. ಅವಳು ಹುಟ್ಟಿದ್ದೂ ದೋಣಿಯಲ್ಲೇ. ದೋಣಿಯವರು ಅಂಗಡಿಗೆ ಕಾಲಿಟ್ಟರೆ ನಮ್ಮೂರಿನವರ ಕಣ್ಣು ಅವರ ಕೈ ಮೇಲೆಯೇ ಇರುತ್ತಿತ್ತು. ನನ್ನ ಗಂಡ ಸೈಲಸ್ ಕ್ರಿಬ್ ಕೂಡ ಮೊದಲು ಅವಳ ಕೈಯನ್ನೇ ನೋಡಿದ. ಕೈ ನಡುಗುವುದಿಲ್ಲ, ಇರಲಿ ಅಂದ.

ಸೈಲಸ್ ಫೋಟೋ ತೆಗೆಯುವವನು. ಬಟ್ಟೆ ಅಂಗಡಿಯ ಮೇಲಿನ ಅಟ್ಟಕ್ಕೆ ಗಾಜಿನ ಛಾವಣಿ ಹಾಕಿಸಿ ಅಲ್ಲಿ ಜನರನ್ನು ಕೂರಿಸುತ್ತಿದ್ದ. ಚಿತ್ರ ಮೂಡಿದ ಗಾಜಿನಿಂದ ಕಾಗದಕ್ಕೆ ಪ್ರತಿ ತೆಗೆಯುವುದು, ತೊಳೆಯುವುದು, ಒಣಗಿಸುವುದು, ಅಂಗೈಯಗಲದ ಕಾರ್ಡಿಗೆ ಅಂಟಿಸುವುದು ನನ್ನ ಕೆಲಸ. ಕಾಗದಕ್ಕೆ ಮೊಟ್ಟೆಯ ಬಿಳಿ ಬಳಿಯಬೇಕು. ಹಳದಿ ಉಳಿಯುತ್ತಿತ್ತು. ಹದಿನಾರು ವರ್ಷ ನಮ್ಮ ಮನೆಯಲ್ಲಿ ಹಳದಿಯ ಕಡುಬೇ ಕಡುಬು. ಸೈಲಸ್‌ಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಸುಮ್ಮನೆ ತಿನ್ನುತ್ತಿದ್ದ. ಅವನು ಹೋದ ಮೇಲೆ ನಾನು ಅದನ್ನು ಮಾಡಿಲ್ಲ. ಹಳದಿಯನ್ನು ಪಕ್ಕದ ಮನೆಯ ಬೆಕ್ಕಿಗೆ ಹಾಕುತ್ತೇನೆ.

ಆ ವರ್ಷಗಳಲ್ಲಿ ಊರಿಗೆ ಊರೇ ಫೋಟೋ ಕಾರ್ಡಿನ ಹುಚ್ಚು ಹಿಡಿಸಿಕೊಂಡಿತ್ತು. ದೊಡ್ಡ ಮನೆಯ ಹೆಂಗಸರು ಮಧ್ಯಾಹ್ನ ಮೂರರಿಂದ ಐದರವರೆಗೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಕಾಲು ಗಂಟೆ ಕೂರುತ್ತಾರೆ, ಏಳುತ್ತಾರೆ. ಬಂದವರ ಮನೆಗೆ ವಾರದೊಳಗೆ ತಿರುಗಿ ಹೋಗಬೇಕು. ಹೋಗದಿದ್ದರೆ ಅಲ್ಲಿಗೆ ಮುಗಿಯಿತು. ಮನೆಯಾಕೆ ಕೆಳಗಿಳಿದು ಬರುವವರೆಗೆ ಬಂದವರು ಮೇಜಿನ ಮೇಲಿನ ಆಲ್ಬಂ ತಿರುವುತ್ತಾರೆ. ಮೊದಲ ಹಾಳೆಯಲ್ಲಿ ಯಾರಿದ್ದಾರೆ, ಯಾರ ಪಕ್ಕ ಯಾರು, ಹೋದ ಸಲ ಇದ್ದವರು ಈ ಸಲ ಏಕಿಲ್ಲ, ಇದೇ ನೋಡುವುದು. ನನ್ನ ಫೋಟೋ ನಿನಗೆ ಕೊಟ್ಟೆ ಅಂದರೆ ನಿನ್ನನ್ನು ಬಲ್ಲೆ ಅಂತ ಒಪ್ಪಿಕೊಂಡ ಹಾಗೆ. ಕೊಡಲಿಲ್ಲ ಅಂದರೆ ಬೀದಿಯಲ್ಲಿ ಎದುರಾದರೂ ನೀನು ಕಾಣಲಿಲ್ಲ ಅಂತ.

ಆಮೇಲೆ ಅವರಿಗೆ ಬರೀ ಕಾರ್ಡು ಸಿಕ್ಕಿಸುವುದು ಬೇಜಾರಾಯಿತು. ಕತ್ತರಿಸಿ ಅಂಟಿಸಲು ಶುರು ಮಾಡಿದರು. ಹಾಳೆಯ ಮೇಲೆ ನೀರುಬಣ್ಣದಲ್ಲಿ ಹಜಾರ, ತೋಟ, ಕೊಳ ಬರೆಯುವುದು. ಅದರಲ್ಲಿ ಪರಿಚಯದವರನ್ನು ಕೂರಿಸುವುದು. ದೊಡ್ಡ ಪಾದ್ರಿಯ ತಲೆ ಹೆಬ್ಬಾತಿನ ಮೈಗೆ. ಕರ್ನಲ್ ಸಾಹೇಬರು ಉಪ್ಪಿನಕಾಯಿ ಭರಣಿಯೊಳಗೆ. ನಾನೋ ನೀವೋ ಮಾಡಿದ್ದರೆ ಅದು ಅವಮಾನ. ಅವರು ಮಾಡಿದರೆ ತಮಾಷೆ. ಯಾರು ಯಾರನ್ನು ಬಾತುಕೋಳಿ ಮಾಡಬಹುದು ಅನ್ನುವುದರಲ್ಲೇ ಯಾರಿಗೆ ಯಾರು ಎಷ್ಟು ಹತ್ತಿರ ಅಂತ ತಿಳಿಯುತ್ತಿತ್ತು.

ಎಲ್ಲ ನಾವೇ ಮಾಡಿದ್ದು ಅನ್ನುತ್ತಿದ್ದರು. ಬಣ್ಣ ಅವರದೇ. ಕತ್ತರಿ ತಬಿತಾಳದು. ಫೋಟೋಗಳು ಬುಟ್ಟಿಯಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದವು, ಆಕಾರ ಬಿಡಿಸಿಕೊಂಡು ತೆಳು ಕಾಗದದಲ್ಲಿ ಸುತ್ತಿಕೊಂಡು ವಾಪಸ್ಸು ಹೋಗುತ್ತಿದ್ದವು. ಊರಿನ ದೊಡ್ಡವರನ್ನೆಲ್ಲ ಅವಳು ಅಂಚಿನಿಂದ ಬಲ್ಲವಳು. ಯಾರ ಕಿವಿ ಹೊರಗೆ ಚಾಚಿದೆ, ಯಾರ ಗದ್ದದ ಕೆಳಗಿನ ಇನ್ನೊಂದು ಗದ್ದವನ್ನು ಕತ್ತರಿಸಿ ಹಾಕಬೇಕು, ಅವಳಿಗೆ ಗೊತ್ತಿತ್ತು. ಆದರೆ ಹೊರಗೆ ಒಂದು ಮಾತು ಆಡಿದವಳಲ್ಲ. ಅಂಗಡಿಗೆ ಬಂದದ್ದು ಅಂಗಡಿಯಲ್ಲೇ ಇರಬೇಕು ಅಂತ ಸೈಲಸ್ ಹೇಳಿಕೊಟ್ಟಿದ್ದ.

ಇಪ್ಪತ್ತೆರಡಕ್ಕೆ ಅವಳಿಗೆ ಮದುವೆಯಾಯಿತು. ಡಾಕ್ಟರ್ ಗಿಲ್ಬಿ ಫೋಟೋ ತೆಗೆಸಲು ಬಂದಿದ್ದರು. ಹೆಂಡತಿ ತೀರಿ ನಾಲ್ಕು ವರ್ಷವಾಗಿತ್ತು, ಮಕ್ಕಳಿಲ್ಲ. ತಲೆ ಅಲ್ಲಾಡದಿರಲಿ ಅಂತ ಹಿಂದಿನಿಂದ ಕಬ್ಬಿಣದ ಕವೆ ಕೊಟ್ಟರೂ ಮನುಷ್ಯ ನೆಟ್ಟಗೆ ಕೂರಲಿಲ್ಲ. ಮೂರು ಗಾಜು ಹಾಳಾದವು. ಆಗ ತಬಿತಾ ಹೇಳಿದಳು.

"ರೋಗಿಗಳಿಗೆಲ್ಲ ಅಲ್ಲಾಡ್ಬೇಡಿ ಅಂತೀರಲ್ಲ ಡಾಕ್ಟ್ರೇ, ನಿಮಗೇ ನಾಲ್ಕು ಸೆಕೆಂಡ್ ಕೂರೋಕಾಗಲ್ವಾ?"

ಡಾಕ್ಟರು ನಕ್ಕರು. ನಾಲ್ಕನೆಯ ಗಾಜೂ ಹಾಳಾಯಿತು. ಆಮೇಲೆ ಐದು ಸಲ ಬಂದರು. ಒಬ್ಬ ಮನುಷ್ಯನಿಗೆ ಅಷ್ಟು ಫೋಟೋ ಬೇಕಾಗುವುದಿಲ್ಲ ಅಂತ ಸೈಲಸ್ ನನಗೆ ಕಣ್ಣು ಮಿಟುಕಿಸಿದ.

ಮದುವೆಯಾಗಿ ಚರ್ಚಿನ ಬೀದಿಯ ಮನೆಗೆ ಹೋದಳು. ಹಿತ್ತಾಳೆ ಗಂಟೆಯಿರುವ ಮುಂಬಾಗಿಲು. ಡಾಕ್ಟರು ಮದುವೆಯ ಉಡುಗೊರೆ ಅಂತ ಕೆಂಪು ಚರ್ಮದ ಆಲ್ಬಂ ಕೊಟ್ಟರು. ಮೊದಲ ಹಾಳೆಯಲ್ಲಿ ಡಾಕ್ಟರನ್ನು ಅಂಟಿಸಿದಳು. ಉಳಿದ ನಲವತ್ತೊಂಬತ್ತು ಹಾಳೆ ಖಾಲಿ.

ಯಾರೂ ಬರಲಿಲ್ಲ. ಹದಿನಾಲ್ಕು ತಿಂಗಳು ಆ ಗಂಟೆಯನ್ನು ರೋಗಿಗಳ ಮನೆಯ ಆಳುಗಳು ಬಿಟ್ಟರೆ ಬೇರೆ ಯಾರೂ ಬಾರಿಸಲಿಲ್ಲ. ದಿನಾ ಮೂರಕ್ಕೆ ಅವಳು ಒಳ್ಳೆಯ ಉಡುಗೆ ಉಟ್ಟು, ಕೇಕು ಕೊಯ್ದು, ಹಜಾರದಲ್ಲಿ ಕೂರುತ್ತಿದ್ದಳು. ಐದು ಹೊಡೆದ ಮೇಲೆ ಎದ್ದು ಅದೇ ಕೇಕನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಆ ಹದಿನಾಲ್ಕು ತಿಂಗಳು ನಾವು ತಿಂದಷ್ಟು ಕೇಕನ್ನು ಕರ್ನಲ್ ಮನೆಯವರೂ ತಿಂದಿರಲಾರರು.

ಶುರು ಮಾಡಿದ್ದು ಕರ್ನಲ್ಲರ ಹೆಂಡತಿ ಮಿಸೆಸ್ ಅಗಸ್ಟಾ ಲಾಂಗ್‌ಸ್ಟಾಫ್. ನನಗೆ ಅಂಟು ಕಲಸಿಕೊಡುತ್ತಿದ್ದ ಹುಡುಗಿಗೆ ನಾನು ಟೀ ಬಗ್ಗಿಸಿಕೊಡಬೇಕೇ ಅಂದಳಂತೆ. ಆಕೆ ಹೋಗದ ಮನೆಗೆ ಉಳಿದವರು ಹೋಗುವುದಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಕರ್ನಲ್ಲರ ಕಾಲುನೋವು ಹೊಸ ಡಾಕ್ಟರ ಕೈಗೆ ಹೋಯಿತು. ಅದರ ಹಿಂದೆ ವಕೀಲರ ಮನೆಯ ಜ್ವರ, ಪಾದ್ರಿಯ ಮನೆಯ ಕೆಮ್ಮು. ಡಾಕ್ಟರ್ ಗಿಲ್ಬಿ ಹೆಂಡತಿಗೆ ಏನೂ ಅನ್ನಲಿಲ್ಲ. ಕೆನಡಾಕ್ಕೆ ಕೆಲಸ ಕೇಳಿ ಕಾಗದ ಬರೆದರು. ಸೆಪ್ಟೆಂಬರ್ ಕೊನೆಗೆ ಮನೆ ಬಿಟ್ಟು ಹಡಗು ಹತ್ತುವುದು ಅಂತ ಮಾತಾಯಿತು.

"ಹೋಗೋದಕ್ಕೆ ನಂಗೇನೂ ಇಲ್ಲ ಕ್ರಿಬ್ಬಮ್ಮ," ಅಂದಳು ನನ್ನ ಹತ್ತಿರ. "ಆದ್ರೆ ಓಡಿಹೋದ ಹಾಗೆ ಹೋಗಲ್ಲ. ಅವ್ರ ಹೆಸ್ರು ಕೆಟ್ಟಿದ್ದು ನನ್ನಿಂದ. ಒಂದೇ ಒಂದ್ಸಲ ಆ ಗಂಟೆ ಹೊಡೀಲಿ."

ಆ ವರ್ಷ ಫೆಬ್ರವರಿಯಲ್ಲಿ ಸೈಲಸ್ ತೀರಿಕೊಂಡ. ಎದೆಗೆ ನೆಗಡಿ ಇಳಿದು ಎಂಟೇ ದಿನ. ಡಾಕ್ಟರ್ ಗಿಲ್ಬಿ ದಿನಕ್ಕೆ ಎರಡು ಸಲ ಬಂದರು. ಆಗಲಿಲ್ಲ. ಮಣ್ಣು ಮಾಡಿ ಬಂದ ದಿನ ತಬಿತಾ ಹಿತ್ತಲ ಬಾಗಿಲಿನಿಂದ ಬಂದು, ತೋಳು ಮಡಚಿ, ನನ್ನ ಏಪ್ರನ್ ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತಳು. ಅರ್ಧಕ್ಕೆ ನಿಂತ ಕೆಲಸವೆಲ್ಲ ಅಲ್ಲಿತ್ತು. ಒಂಬತ್ತು ದಿನ ತೊಳೆದಳು. ಫೋಟೋ ಕಾಗದದ ಬೆಳ್ಳಿ ಔಷಧಿಗೆ ಕೈ ಕಪ್ಪಾಗುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಡಾಕ್ಟರ ಹೆಂಡತಿಯ ಕೈ ನೋಡಿದಿರಾ ಅಂತ ಚರ್ಚಿನಲ್ಲಿ ಮಾತಾಡಿಕೊಂಡರು. ಅವಳು ಕೈಗವಸು ಕೂಡ ಹಾಕಿಕೊಳ್ಳಲಿಲ್ಲ.

ಜೂನ್ ತಿಂಗಳ ಒಂದು ಮಂಗಳವಾರ, ಐದರ ಮೇಲೆ, ಮಿಸೆಸ್ ಲಾಂಗ್‌ಸ್ಟಾಫ್ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಗಾಡಿಯಿಲ್ಲ, ಆಳಿಲ್ಲ. ಮುಖದ ಮೇಲೆ ದಪ್ಪ ಜಾಲರಿಯ ಮುಸುಕು. ಕಂಕುಳಲ್ಲಿ ಶಾಲು ಸುತ್ತಿದ ಆಲ್ಬಂ.

ಮೇಜಿನ ಮೇಲೆ ಬಿಚ್ಚಿದಳು. ಊರೆಲ್ಲ ಹೊಗಳುತ್ತಿದ್ದ ಹಾಳೆ ಅದು. ಅವಳದೇ ಹಜಾರ, ಹಸಿರು ಜಮಖಾನ, ನಡುವೆ ಟೀ ಮೇಜು. ಸುತ್ತ ದೊಡ್ಡ ಪಾದ್ರಿ, ಕರ್ನಲ್, ವಕೀಲರ ಮನೆಯವರು. ಮೇಜಿನ ಎಡಗಡೆಯ ಕುರ್ಚಿಯಲ್ಲಿ ಲೇಡಿ ಆಸ್ಮಂಡ್. ರಾಣಿಯ ಅರಮನೆಗೆ ಹೋಗಿ ಬರುವಂಥ ಹೆಂಗಸು. ಇಂಥವರನ್ನು ಮಿಸೆಸ್ ಲಾಂಗ್‌ಸ್ಟಾಫ್ ಬಲ್ಲಳು ಅನ್ನುವುದಕ್ಕೆ ಮೂರು ವರ್ಷದಿಂದ ಆ ಕುರ್ಚಿಯೇ ಸಾಕ್ಷಿ.

ಅವಳು ಹೇಳುವ ಮೊದಲೇ ನನಗೆ ಗೊತ್ತಿತ್ತು. ಆ ಫೋಟೋ ಯಾರೂ ಕೊಟ್ಟದ್ದಲ್ಲ. ಲಂಡನ್ನಿನ ಅಂಗಡಿಗಳ ಕಿಟಕಿಯಲ್ಲಿ ರಾಣಿ, ಸೇನಾಪತಿ, ನಾಟಕದವರು, ಲೇಡಿಗಳು, ಎಲ್ಲರ ಕಾರ್ಡೂ ತೂಗುಹಾಕಿರುತ್ತಾರೆ. ಯಾರು ಬೇಕಾದರೂ ಕೊಳ್ಳಬಹುದು. ಕೊಂಡು ಇಟ್ಟುಕೊಂಡರೆ ತಪ್ಪಿಲ್ಲ. ಮನೆಗೆ ಬಂದವರ ನಡುವೆ ಕೂರಿಸಿದರೆ ಸುಳ್ಳು. ಕಾರ್ಡಿನ ಹಿಂದೆ ಆ ಅಂಗಡಿಯ ಮುದ್ರೆಯಿತ್ತು. ಮೂರು ವರ್ಷದ ಹಿಂದೆ ಅದನ್ನು ಕತ್ತರಿಸಿಕೊಟ್ಟದ್ದು ತಬಿತಾ. ಆ ಹದಿನಾಲ್ಕು ತಿಂಗಳಲ್ಲಿ ಯಾವ ದಿನ ಬೇಕಾದರೂ ಅವಳು ಒಂದು ಮಾತು ಆಡಬಹುದಿತ್ತು. ನಾನಾಗಿದ್ದರೆ ಸಂತೆಯಲ್ಲಿ ಕೂಗಿ ಹೇಳಿರುತ್ತಿದ್ದೆ.

ಈಗ ಲೇಡಿ ಆಸ್ಮಂಡ್ ನಿಜವಾಗಿಯೇ ಬರುತ್ತಿದ್ದಳು. ಆಸ್ಪತ್ರೆಯ ಹೊಸ ಹೆಂಗಸರ ವಾರ್ಡು ತೆರೆಯಲು, ಗುರುವಾರ. ಟೀ ಮಿಸೆಸ್ ಲಾಂಗ್‌ಸ್ಟಾಫ್ ಮನೆಯಲ್ಲಿ. ಆಕೆಗೂ ಆಲ್ಬಂ ಹುಚ್ಚಂತೆ. ದೊಡ್ಡ ಪಾದ್ರಿ ಆಕೆಗೆ ಬರೆದ ಕಾಗದದಲ್ಲಿ ಈ ಟೀ ಮೇಜಿನ ಹಾಳೆಯನ್ನು ಹೊಗಳಿ ಬರೆದಿದ್ದರು. ಅದನ್ನು ನೋಡಲೇಬೇಕು ಅಂತ ಆಕೆಯಿಂದ ಉತ್ತರ ಬಂದಿತ್ತು. ಆಲ್ಬಂ ಬಚ್ಚಿಡುವಂತಿಲ್ಲ, ಹಾಳೆ ಹರಿಯುವಂತಿಲ್ಲ.

"ಕ್ರಿಬ್, ಇದನ್ನ ತೆಗೀಬೇಕು," ಅಂದಳು. "ಗುರುತು ಉಳೀಬಾರ್ದು."

ನನ್ನ ಕೈಯಲ್ಲಿ ಆಗುವುದಿಲ್ಲ, ಆಗುವವಳು ಊರಲ್ಲಿ ಒಬ್ಬಳೇ ಅಂದೆ. ಅವಳಿಗೆ ಗೊತ್ತಿತ್ತು. ಕರೆಸು ಅಂದಳು. ಡಾಕ್ಟರ ಹೆಂಡತಿಯನ್ನು ಕರೆಸುವುದಕ್ಕೆ ನಾನು ಯಾರು ಅಂದೆ.

ಕರೆಸಬೇಕಾಗಿರಲಿಲ್ಲ. ಐದರ ಮೇಲಾಗಿತ್ತಲ್ಲ, ತಬಿತಾ ಕೇಕು ತಂದು ಒಳಗಿನ ಕೋಣೆಯಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಂಡು ಬಂದಳು. ಮಿಸೆಸ್ ಲಾಂಗ್‌ಸ್ಟಾಫ್ ಜಾಲರಿ ಎತ್ತಿ, ತಬಿತಾ ನೀನು ಮೊದಲಿಂದಲೂ ಒಳ್ಳೆಯ ಹುಡುಗಿ ಅಂದಳು. ತನ್ನ ಹತ್ತಿರ ಎರಡೇ ಸಲ ಉಟ್ಟ ರೇಷ್ಮೆ ಗೌನಿದೆ, ನಿನಗೆ ಒಪ್ಪುತ್ತದೆ ಅಂದಳು.

ತಬಿತಾ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಗೌನಿನ ಮಾತು ಕೇಳಿಸದವಳ ಹಾಗೆ.

"ತೆಗೀಬಹುದು ಅಮ್ಮಾವ್ರೇ. ಆದ್ರೆ ಕುರ್ಚಿ ಖಾಲಿಯಾಗುತ್ತೆ."

"ಒಂದು ನಾಯಿ ಬರೆದ್ರಾಯ್ತು."

"ಮೂರು ವರ್ಷ ಅಲ್ಲಿ ಲೇಡಿಯವ್ರು ಕೂತಿದ್ದನ್ನ ಊರೆಲ್ಲ ನೋಡಿದೆ. ಈಗ ಅಲ್ಲಿ ನಾಯಿ ಕೂತ್ರೆ ಏನಂತಾರೆ?"

ಮಿಸೆಸ್ ಲಾಂಗ್‌ಸ್ಟಾಫ್ ಅದನ್ನು ಯೋಚಿಸಿದಳು. ಮುಖದ ಬಣ್ಣ ಹೋಯಿತು.

"ಮತ್ತೆ ಯಾರನ್ನ ಕೂರಿಸೋದು?"

"ನನ್ನನ್ನ," ಅಂದಳು ತಬಿತಾ.

ನಾನು ಅಂಟಿನ ಬಟ್ಟಲು ಹಿಡಿದು ಹಾಗೇ ನಿಂತಿದ್ದೆ. ಬೇರೇನೂ ಬೇಡ, ಗೌನೂ ಬೇಡ, ಆ ಕುರ್ಚಿ ಕೊಡಿ, ಯಾರು ಅಂತ ಕೇಳಿದರೆ ಇಂಥವಳು ಅನ್ನಿ, ಅಷ್ಟೇ ಅಂದಳು ತಬಿತಾ. ದನಿ ಏರಿಸಲಿಲ್ಲ. ಮಿಸೆಸ್ ಲಾಂಗ್‌ಸ್ಟಾಫ್ ಆಲ್ಬಂ ಸುತ್ತಿಕೊಂಡಳು. ದೋಣಿಯ ಬುದ್ಧಿ ಎಲ್ಲಿ ಹೋಗುತ್ತೆ ಅಂದು ಬಾಗಿಲು ಬಡಿದು ಹೋದಳು.

ಅವಳು ಹೋದ ಮೇಲೆ ತಬಿತಾ ಮೇಜು ಹಿಡಿದುಕೊಂಡಳು. "ಕೆಡಿಸ್ಕೊಂಡೆ ಅಲ್ವಾ ಕ್ರಿಬ್ಬಮ್ಮ? ಇನ್ನು ಕೆನಡಾನೇ ಗತಿ," ಅಂದಳು. ನಾನು ಸಮಾಧಾನ ಹೇಳುವವಳಲ್ಲ. ಕೇಕು ಕೊಯ್ದು ಕೊಟ್ಟೆ.

ಬುಧವಾರ ಸಂಜೆ ಅದೇ ಹೊತ್ತಿಗೆ ಅದೇ ಬಾಗಿಲು ತಟ್ಟಿದ ಸದ್ದು. ಮಿಸೆಸ್ ಲಾಂಗ್‌ಸ್ಟಾಫ್ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ತಾನೇ ಕುದಿಯುವ ಕೆಟಲಿನ ಆವಿಗೆ ಹಾಳೆ ಹಿಡಿದು ಬಿಡಿಸಲು ಹೋಗಿದ್ದಳು. ಆವಿಗೆ ಅಂಟು ಸಡಿಲವಾಗುವ ಮೊದಲೇ ಬಣ್ಣ ಸಡಿಲವಾಗುತ್ತದೆ. ಜಮಖಾನದ ಹಸಿರು ಹರಿದು ಪಾದ್ರಿಯ ಕಾಲಿಗೆ ಮೆತ್ತಿತ್ತು. ಲೇಡಿ ಆಸ್ಮಂಡ್ ತಲೆ ಕಿತ್ತು ಬಂದಿತ್ತು, ಲಂಗ ಅಲ್ಲೇ ಉಳಿದಿತ್ತು. ಕುರ್ಚಿಯ ಬಲಕ್ಕೆ ಮೂರು ಬೆರಳಗಲ ಕಾಗದದ ಮೇಲ್ಪದರ ಹರಿದಿತ್ತು.

ಅವಳು ಬಟ್ಟೆ ಸುತ್ತಿದ ಬೆರಳನ್ನು ಹಾಳೆಯಲ್ಲಿದ್ದ ಕುರ್ಚಿಯ ಮೇಲಿಟ್ಟು, "ಸರಿ" ಅಂದಳು.

ತಬಿತಾ ಬಾನೆಟ್ ಟೋಪಿ ಬಿಚ್ಚಿ ಕೂತಳು. ಒತ್ತುಕಾಗದವನ್ನು ಆ ಉಳಿದ ಲಂಗದ ಆಕಾರಕ್ಕೇ ಕತ್ತರಿಸಿ, ಒದ್ದೆ ಮಾಡಿ, ಅದರ ಮೇಲೆ ಮಾತ್ರ ಇಟ್ಟಳು. ಆಚೆಗೆ ಒಂದು ಕೂದಲಷ್ಟೂ ತೇವ ಹೋಗಲಿಲ್ಲ. ಕಾದಳು. ಬದಲಾಯಿಸಿದಳು. ಮತ್ತೆ ಕಾದಳು. ಜೂನಿನ ಬೆಳಕು ಬೇಗ ಹೋಗುವುದಿಲ್ಲ. ಅದು ಹೋಗುವಷ್ಟರಲ್ಲಿ ಎಲುಬಿನ ಚೂರಿಯಿಂದ ಚೂರುಚೂರಾಗಿ ಎತ್ತಿ, ಹಸಿರನ್ನು ಹೀರಿ, ಪಾದ್ರಿಗೆ ಹೊಸ ಷರಾಯಿ ಬರೆದಿದ್ದಳು. ಮೊದಲಿನದಕ್ಕಿಂತ ಚೆನ್ನಾಗಿತ್ತು.

ಕೂರಿಸುವ ಫೋಟೋ ಯಾವುದು ಅಂತ ಅವಳು ನನ್ನನ್ನು ಕೇಳಲಿಲ್ಲ. ನನಗೂ ಗೊತ್ತಿತ್ತು. ಬಲಗಡೆಗೆ ವಾರೆ ತಿರುಗಿ ಕೂತು ಕೈ ಮುಂದೆ ಚಾಚಿದ ಅವಳ ಗಾಜು ನಮ್ಮಲ್ಲಿ ಒಂದೇ ಇದ್ದದ್ದು.

ಮದುವೆಗೆ ಮುಂಚೆ ಒಂದು ವಸಂತದಲ್ಲಿ ತೆಗೆದದ್ದು. ಹೊಸ ಮಸೂರ ಬಂದಿತ್ತು. ಬೆಳಕು ಹೇಗೆ ಬೀಳುತ್ತದೆ ನೋಡೋಣ ಅಂತ ಸೈಲಸ್ ತಬಿತಾಳನ್ನು ಕುರ್ಚಿಯಲ್ಲಿ ಕೂರಿಸಿದ. ಕೈ ಚಾಚು ಅಂದ. ಬರಿಗೈ ಚಾಚಿ ಏನು ಮಾಡಲಿ, ಒಂದು ಕಪ್ ಟೀ ಆದರೂ ಕೊಡಿ ಯಜಮಾನರೇ ಅಂದಳು. ಸೈಲಸ್ ಪಕ್ಕದಲ್ಲಿ ನಿಂತು ಕಪ್ಪು ಹಿಡಿದ. ಮಸೂರದ ಮುಚ್ಚಳ ತೆಗೆದವಳು ನಾನು. ನಾಲ್ಕು ಎಣಿಸಿ ಮುಚ್ಚಿದವಳೂ ನಾನೇ. ಅವನ ಕೈ ಮೊಣಕೈವರೆಗೆ ಗಾಜಿನಲ್ಲಿ ಬಂದಿತ್ತು. ಬೆಳ್ಳಿ ಔಷಧಿಗೆ ಕಪ್ಪಾದ ಉಗುರು, ಮೇಲಕ್ಕೆ ಮಡಚಿದ ಅಂಗಿಯ ತೋಳು. ಮುಖ ಬಂದಿರಲಿಲ್ಲ. ಇಡೀ ಊರಿನ ಮುಖ ಹಿಡಿದವನು ತನ್ನದೊಂದನ್ನು ತೆಗೆಸಿಕೊಳ್ಳಲಿಲ್ಲ. ನಾಳೆ ತೆಗೆದರಾಯಿತು ಅನ್ನುತ್ತಿದ್ದ.

ಗುರುವಾರ ಬೆಳಿಗ್ಗೆ ಗಾಜನ್ನು ಕಾಗದದ ಮೇಲಿಟ್ಟು ಬಿಸಿಲಿಗೆಂದು ಛಾವಣಿಗೆ ಒಯ್ದೆ. ಮೋಡವಿತ್ತು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಎರಡು ಪ್ರತಿ ತೆಗೆದೆ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ತೊಳೆಯುವುದರಲ್ಲಿ ಅವಸರ ಮಾಡಿದರೆ ವರ್ಷದಲ್ಲಿ ಹಳದಿಯಾಗುತ್ತದೆ. ಅವಸರ ಮಾಡಲಿಲ್ಲ. ಒಂದು ಗಂಟೆಗೆ ತಬಿತಾ ಕತ್ತರಿಸಲು ಕೂತಳು. ನಾನು ಹೊಸ ಅಂಟು ಕಾಯಿಸುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಅಂಟಿಸಿ, ಮೇಲೆ ಒಣ ಕಾಗದವಿಟ್ಟು, ಆಲ್ಬಂ ಮುಚ್ಚಿ, ಹಲಗೆ ಬಿಗಿದಿದ್ದಳು.

ನಡುವೆ ಇನ್ನೂ ತೇವವಿತ್ತು. ಹಾಳೆ ಬಾಗಿದರೆ ಎದ್ದುಬರುತ್ತದೆ. ಅದನ್ನು ತೆರೆಯುವ ರೀತಿ ಬಲ್ಲವರೇ ತೆರೆಯಬೇಕು. ಹಾಗಾಗಿ ಮೂರಕ್ಕೆ ಆಲ್ಬಂ ಹೊತ್ತುಕೊಂಡು ನಾನೇ ಮಿಸೆಸ್ ಲಾಂಗ್‌ಸ್ಟಾಫ್ ಮನೆಗೆ ಹೋದೆ. ಹಾಳೆ ತಿರುವುವವಳು ಅಂತ ನನ್ನನ್ನು ಆಲ್ಬಂ ಪೀಠದ ಪಕ್ಕ ನಿಲ್ಲಿಸಿದರು. ಬಾಯಿ ತೆಗೆಯಬೇಡ ಅಂತ ಅಪ್ಪಣೆ.

ಹನ್ನೆರಡು ಹೆಂಗಸರು ಬಂದರು. ಕೊನೆಗೆ ಲೇಡಿ ಆಸ್ಮಂಡ್. ಕುಳ್ಳಗಿನ ಹೆಂಗಸು, ಜೋರು ದನಿ. ಕೈಗವಸು ಕಳಚಿದಾಗ ನೋಡಿದೆ, ಉಗುರ ಸಂದಿಯಲ್ಲಿ ನೀಲಿ ಬಣ್ಣ. ಈಕೆಯನ್ನು ಮೋಸ ಮಾಡುವುದು ಕಷ್ಟ ಅಂದುಕೊಂಡೆ. ಟೀ ಆಯಿತು. ಆಕೆ ಎದ್ದು ಬಂದು, ಆ ಟೀ ಮೇಜು ಎಲ್ಲಿ ಅಂದಳು.

ನಾನು ಎಲುಬಿನ ಚೂರಿಯನ್ನು ಸಂದಿಗೆ ಹಾಕಿ ಹಾಳೆಯನ್ನು ಮಲಗಿಸಿದಂತೆ ತೆರೆದೆ. ಮುಚ್ಚಿದ ಕಾಗದ ಎತ್ತಿದೆ.

ತಬಿತಾ ಕೂತಿದ್ದಳು. ಹುಟ್ಟಿದಾಗಿನಿಂದ ಆ ಹಜಾರದಲ್ಲೇ ಕೂತವಳ ಹಾಗೆ. ಕೈ ಮುಂದೆ ಚಾಚಿದ್ದಳು. ಆ ಕೈಗೆ ಬಲಗಡೆಯಿಂದ ಒಂದು ಕೈ ಟೀ ಕಪ್ಪು ಕೊಡುತ್ತಿತ್ತು. ಕಾಗದ ಹರಿದಿದ್ದ ಜಾಗದ ಮೇಲೆ. ಕಪ್ಪು ಉಗುರು, ಮಡಚಿದ ತೋಳು.

ನನಗೆ ಅವಳು ಹೇಳಿರಲಿಲ್ಲ.

ಆ ಕುರ್ಚಿಯಲ್ಲಿ ಮೂರು ವರ್ಷ ಯಾರಿದ್ದರು ಅಂತ ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತು. ಅವರು ಈಗ ಆಲ್ಬಂ ಮುಂದೆಯೇ ನಿಂತಿದ್ದಾರೆ. ಬಾಯಿ ಬಿಟ್ಟವಳು ದೊಡ್ಡ ಪಾದ್ರಿಯ ಅಕ್ಕ ಮಿಸ್ ಪೆವೆರೆಲ್. ಎಪ್ಪತ್ತು ದಾಟಿತ್ತು, ಯಾರಿಗೂ ಹೆದರುವವಳಲ್ಲ.

"ಅಗಸ್ಟಾ, ನನ್ನ ಕಣ್ಣು ಮಂಜು ಕಣೇ. ಆದ್ರೂ ಈ ಕುರ್ಚೀಲಿ ಬೇರೆ ಯಾರೋ ಇದ್ದ ನೆನಪು."

ಮಿಸೆಸ್ ಲಾಂಗ್‌ಸ್ಟಾಫ್ ಕತ್ತು ಕೆಂಪಾಯಿತು. ಅವಳು ನನ್ನನ್ನು ನೋಡಿದಳು. ನಾನು ಹಾಳೆಯನ್ನು ನೋಡುತ್ತಿದ್ದೆ. ಇದು ಅಂಗಡಿಯ ಹುಡುಗಿ ಅಂದರೆ ತನ್ನ ಟೀ ಮೇಜಿನಲ್ಲಿ ತಾನೇ ಅಂಗಡಿಯ ಹುಡುಗಿಯನ್ನು ಕೂರಿಸಿದ ಹಾಗೆ. ಬೇರೆಯವರಿದ್ದರು ಅಂದರೆ ಯಾರು ಅಂತ ಲೇಡಿ ಕೇಳುತ್ತಾಳೆ.

"ಇಲ್ಲ," ಅಂದಳು. "ಆ ಜಾಗ ಯಾವಾಗ್ಲೂ ನಮ್ಮ ಡಾಕ್ಟರ ಹೆಂಡ್ತೀದು. ಮಿಸೆಸ್ ಗಿಲ್ಬಿ. ನನ್ನ ಸ್ನೇಹಿತೆ."

ಯಾರದೋ ಕಪ್ಪು ತಟ್ಟೆಯ ಮೇಲೆ ಕಟಕಟ ಅಂದಿತು.

ಲೇಡಿ ಆಸ್ಮಂಡ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಕನ್ನಡಕ ಹಿಡಿದು ಹಾಳೆಗೆ ಮೂಗು ತಾಗಿಸಿ ನೋಡುತ್ತಿದ್ದಳು. ಬೆರಳಾಡಿಸಿದಳು. ಅಂಚೇ ಸಿಗುತ್ತಿಲ್ಲವಲ್ಲ, ಯಾರು ಕತ್ತರಿಸಿದ್ದು ಅಂದಳು. ನಾನೇ ಅನ್ನಲು ಮಿಸೆಸ್ ಲಾಂಗ್‌ಸ್ಟಾಫ್ ಬಾಯಿ ತೆಗೆದಳು. ಲೇಡಿಯ ಕಣ್ಣು ಅವಳ ಬಟ್ಟೆ ಸುತ್ತಿದ ಬೆರಳ ಮೇಲಿತ್ತು.

"ಅದೂ ಮಿಸೆಸ್ ಗಿಲ್ಬೀನೇ," ಅಂದಳು ಮಿಸೆಸ್ ಲಾಂಗ್‌ಸ್ಟಾಫ್.

"ಇಂಥವ್ರು ಇವತ್ತು ಯಾಕೆ ಬಂದಿಲ್ಲ?"

"ನಾಳೆ ನಾನೇ ಅವರ ಮನೆಗೆ ಹೋಗ್ತಿದ್ದೀನಿ."

"ಗಾಡೀಲಿ ನಂಗೂ ಜಾಗ ಇರತ್ತಲ್ಲ ಅಗಸ್ಟಾ," ಅಂದಳು ಮಿಸ್ ಪೆವೆರೆಲ್. ಅವಳ ಹಿಂದೆ ವಕೀಲರ ಹೆಂಡತಿ, ತಾನೂ ಈ ವಾರ ಹೋಗಬೇಕು ಅಂದುಕೊಂಡಿದ್ದೆ ಅಂದಳು. ಹದಿನಾಲ್ಕು ತಿಂಗಳಿಂದ ಅಂದುಕೊಂಡಿದ್ದಿರಬೇಕು.

ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಹಾಳೆ ಮುಚ್ಚಲು ಕೈ ಹಾಕಿದೆ. ಲೇಡಿ ತಡೆದಳು. ಈ ಕೈ ಯಾರದು ಅಂತ ಕೇಳಿದಳು. ಮಿಸೆಸ್ ಲಾಂಗ್‌ಸ್ಟಾಫ್, ಮನೆಯ ಆಳಿನದು ಅಂದಳು.

"ಅಲ್ಲ ಅಮ್ಮಾವ್ರೇ," ಅಂದೆ ನಾನು. "ಅದು ನನ್ನ ಗಂಡಂದು. ಸೈಲಸ್ ಕ್ರಿಬ್. ಈ ಹಾಳೇಲಿರೋ ಎಲ್ಲರನ್ನೂ ತೆಗೆದವ್ನು."

ಲೇಡಿ ನನ್ನ ಕಪ್ಪು ಉಡುಗೆ ನೋಡಿದಳು. ಹೆಸರುಗಳನ್ನು ಬರೆದೇ ಇಲ್ಲವಲ್ಲ, ನಾವೆಲ್ಲ ಹೋದ ಮೇಲೆ ಯಾರು ಗುರುತು ಹಿಡಿಯುತ್ತಾರೆ ಅಂದು ಶಾಯಿ, ಲೇಖನಿ ತರಿಸಿದಳು. ಬೆರಳು ಸುಟ್ಟ ಮಿಸೆಸ್ ಲಾಂಗ್‌ಸ್ಟಾಫ್ ಎಡಗೈಯಲ್ಲಿ ಬರೆದಳು. ಸೊಟ್ಟಸೊಟ್ಟಗೆ ಬಂತು. ಕುರ್ಚಿಯ ಕೆಳಗೆ ಮಿಸೆಸ್ ಗಿಲ್ಬಿ. ಕೈಯ ಕೆಳಗೆ ಸೈಲಸ್ ಕ್ರಿಬ್.

ಶುಕ್ರವಾರ ಎರಡೂವರೆಗೆ ತಬಿತಾ ನನಗೆ ಹೇಳಿ ಕಳಿಸಿದಳು, ಮುಂಬಾಗಿಲಿನಿಂದಲೇ ಬರಬೇಕು ಅಂತ. ಹೋದೆ. ಕೇಕು ಕೊಯ್ದಿತ್ತು. ಹರಿದ ಜಾಗ ಮುಚ್ಚುವುದಕ್ಕೆ ಆ ಕೈ ಸರಿಹೋಯಿತು ಅಂದಳು. ಅದಕ್ಕೊಂದೇ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆ ಮಾತು ಅಲ್ಲಿಗೇ ಬಿಟ್ಟೆವು.

ಮೂರು ಹೊಡೆದು ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಸದ್ದಾಯಿತು. ಕೆಲಸದ ಹುಡುಗಿ ಓಡಿದಳು.

"ನಡ್ಕೊಂಡು ಹೋಗೇ," ಅಂದಳು ತಬಿತಾ. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಕೈಯ ಮೇಲೆ ಇನ್ನೂ ಬೆಳ್ಳಿಯ ಕಲೆಯಿತ್ತು. ಮುಚ್ಚಿಕೊಳ್ಳಲಿಲ್ಲ.

ಮಿಸೆಸ್ ಲಾಂಗ್‌ಸ್ಟಾಫ್ ಕಾಲು ಗಂಟೆ ಕೂತಳು. ಮಳೆಯ ಮಾತಾಡಿದಳು. ಹೊರಡುವ ಮೊದಲು ಚೀಲದಿಂದ ತನ್ನ ಫೋಟೋ ಕಾರ್ಡು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ನಿಮ್ಮ ಆಲ್ಬಂನಲ್ಲಿ ಎಲ್ಲಾದರೂ ಒಂದು ಜಾಗ ಇದ್ದರೆ ಅಂದಳು. ಮಿಸ್ ಪೆವೆರೆಲ್ ಎರಡು ತುಂಡು ಕೇಕು ತಿಂದಳು.

ಶನಿವಾರ ಸಂಜೆಗೆ ಬಾಗಿಲ ಬಳಿಯ ತಟ್ಟೆಯಲ್ಲಿ ಬಂದವರು ಬಿಟ್ಟುಹೋದ ಹದಿನೇಳು ಕಾರ್ಡು. ಮುಂದಿನ ವಾರ ಕರ್ನಲ್ಲರ ಕಾಲುನೋವು ಡಾಕ್ಟರ್ ಗಿಲ್ಬಿಯ ಹತ್ತಿರ ತಾನಾಗಿಯೇ ನಡೆದು ಬಂತು. ಕೆನಡಾದಿಂದ ಬಂದ ಕಾಗದದ ಹಿಂಬದಿಯಲ್ಲಿ ತಬಿತಾ ಹಸಿರು ಬಣ್ಣದ ಹದ ನೋಡುತ್ತಿದ್ದಳು. ಕೊಳದ ಹಸಿರು.

ಆಗಸ್ಟಿನಲ್ಲಿ ಅವಳ ಆಲ್ಬಂ ಹಜಾರದ ಮೇಜಿನ ಮೇಲೆ ತೆರೆದುಕೊಂಡಿತ್ತು. ಎರಡನೆಯ ಹಾಳೆಯಲ್ಲಿ ಕೊಳ, ಜೊಂಡು, ದಡದಲ್ಲಿ ಒಂದು ವಿಲೋ ಮರ. ನೀರಿನಲ್ಲಿ ಒಂದು ಕೊಬ್ಬಿದ ಬಾತುಕೋಳಿ. ಕತ್ತಿನ ಮೇಲೆ ಮಿಸೆಸ್ ಲಾಂಗ್‌ಸ್ಟಾಫ್ ತಲೆ, ಮುತ್ತಿನ ಓಲೆ ಸಮೇತ. ನಾನು ಅಲ್ಲೇ ಇದ್ದೆ, ಅವಳು ಬಂದು ಅದನ್ನು ನೋಡಿದಾಗ. ಕೋಪ ಮಾಡಿಕೊಂಡರೆ ನಾವು ಅಷ್ಟು ಹತ್ತಿರದವರಲ್ಲ ಅಂದ ಹಾಗೆ. ಈಗ ಹಾಗನ್ನುವಂತಿರಲಿಲ್ಲ.

ಮಿಸೆಸ್ ಲಾಂಗ್‌ಸ್ಟಾಫ್ ನಕ್ಕಳು. ಮೊದಲು ಹಲ್ಲು ಕಚ್ಚಿ ನಕ್ಕಳು, ಆಮೇಲೆ ನಿಜವಾಗಿಯೇ ನಕ್ಕಳು. ನನ್ನ ಕತ್ತು ಇಷ್ಟು ಉದ್ದ ಇದೆಯೇ ಮಿಸೆಸ್ ಗಿಲ್ಬಿ ಅಂದಳು.

ಬಾತುಕೋಳಿ ದಡದ ಕಡೆ ಬಾಯಿ ತೆರೆದಿತ್ತು. ದಡದಲ್ಲಿ ಜೊಂಡಿನ ಮರೆಯಿಂದ ಒಂದು ಕೈ ಚಾಚಿತ್ತು. ಮಡಚಿದ ತೋಳು, ಕಪ್ಪು ಉಗುರು. ನಾನು ಎರಡನೆಯದಾಗಿ ತೆಗೆದಿಟ್ಟಿದ್ದ ಪ್ರತಿ. ಟೀ ಕಪ್ಪಿನಿಂದ ಬಾತುಕೋಳಿಗೆ ಕಾಳು ಹಾಕುತ್ತಿತ್ತು.